ಯಜಮಾನರ ಹೂಂ

ಆ ಬೀದಿಯಲ್ಲಿ ಹೊಲಿಗೆ ಅಂಗಡಿಯ ಹೆಂಗಸನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಅವಳ ಗಂಡನ ತಂಗಿ. ಆಕೆಯ ಗಂಟಲು ದೊಡ್ಡದು. ಅಂಗಡಿಯ ಬಾಗಿಲಲ್ಲಿ ನಿಂತು ಒಮ್ಮೆ "ಅತ್ತಿಗೇ" ಎಂದರೆ ಬೀದಿಯ ಆ ತುದಿಯವರೆಗೆ ಕೇಳಿಸುತ್ತಿತ್ತು. ಕೇಳಿದವರೆಲ್ಲ ಕಾಲಕ್ರಮದಲ್ಲಿ ಮೈದುನರೂ ನಾದಿನಿಯರೂ ಆಗಿಬಿಟ್ಟರು. ಅತ್ತಿಗೆಗಿಂತ ಹತ್ತು ವರ್ಷ ಹಿರಿಯನಾದ ಎದುರಿನ ಇಸ್ತ್ರಿಯವನೂ ಅತ್ತಿಗೆ ಎನ್ನುತ್ತಿದ್ದನು.

ಅವಳ ಗಂಡನಿಗೆ ಬೀದಿ ಕೊಟ್ಟ ಹೆಸರು ಹೂಂ ಯಜಮಾನರು. ಅಂಗಡಿಯ ಮುಂಭಾಗ ಅವರದು. ಅಲ್ಲಿ ಗಾಜಿನ ಭರಣಿಗಳಲ್ಲಿ ಗುಂಡಿ, ಗೂಡುಗಳಲ್ಲಿ ದಾರದ ಉಂಡೆ, ಬಾಗಿಲ ಪಕ್ಕದಲ್ಲಿ ಅವರು ಕೂರುವ ಕೈಯುಳ್ಳ ಕುರ್ಚಿ. ಹಿಂಭಾಗ ಅತ್ತಿಗೆಯದು. ಅಲ್ಲಿ ಬಟ್ಟೆ ಹರಡುವ ಉದ್ದನೆಯ ಮೇಜು, ಹೊಲಿಗೆಯ ಯಂತ್ರ, ಗೋಡೆಯ ಮೊಳೆಗೆ ದೊಡ್ಡ ಕತ್ತರಿ. ನಡುವೆ ಗೋಡೆಯಿಲ್ಲ. ಆದ್ದರಿಂದ ಮಾತು ಆ ಕಡೆಯಿಂದ ಈ ಕಡೆಗೆ ಹರಿಯುತ್ತಿತ್ತು. ಈ ಕಡೆಯಿಂದ ಆ ಕಡೆಗೆ ಒಂದೇ ಅಕ್ಷರ ಹೋಗುತ್ತಿತ್ತು.

ಅತ್ತಿಗೆ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೇಳಿಕೊಂಡು ಹೋಗುತ್ತಿದ್ದಳು. "ಇವರ ಬೆನ್ನು ಸ್ವಲ್ಪ ಬಾಗಿದೆ, ಹಿಂದೆ ಎರಡು ಬೆರಳು ಜಾಸ್ತಿ ಬಿಡ್ತೀನಿ. ಹೊಟ್ಟೆ ಬಂದಿದೆ, ಅವರು ಒಪ್ಪಲ್ಲ. ಹೋದ ವರ್ಷದ ಅಳತೆಯಲ್ಲೇ ಹೊಲಿ ಅಂತಾರೆ. ಅವರಿಗೆ ಗೊತ್ತಾಗದ ಹಾಗೆ ಪಕ್ಕದಲ್ಲಿ ಅಗಲ ಕೊಡ್ತೀನಿ. ಅಂಗಿಗೂ ಮರ್ಯಾದೆ, ಅವರಿಗೂ ಮರ್ಯಾದೆ. ಅಲ್ವಾ?"

ಮುಂಭಾಗದಿಂದ ಬರುತ್ತಿತ್ತು: "ಹೂಂ."

ಆ ಹೂಂ ಬಂದ ಮೇಲೆಯೇ ಕತ್ತರಿ ಬಟ್ಟೆಗೆ ಇಳಿಯಬೇಕು. ಇದು ಅತ್ತಿಗೆಯ ವ್ರತ. ಯಾರಾದರೂ ಅವಳ ಕೈಯನ್ನು ಹೊಗಳಿದರೆ, "ಕೈ ನನ್ನದು, ಕಣ್ಣು ಅವರದು" ಎನ್ನುತ್ತಿದ್ದಳು. ಯಜಮಾನರು ಆಗ ಭರಣಿಯೊಳಗಿನ ಗುಂಡಿಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

ಈ ವ್ರತಕ್ಕೆ ಒಂದು ಮಹಾತ್ಮೆಯ ಕತೆಯೂ ಇತ್ತು. ಬಹಳ ಹಿಂದೆ ಫೋಟೋದವನ ಮದುವೆಗೆ ಮಖಮಲ್ಲಿನ ಕೋಟು ಕತ್ತರಿಸುವಾಗ ಎರಡೂ ತೋಳು ಎಡಗೈಯವೇ ಆಗಿಹೋದವು. ಮಖಮಲ್ಲಿಗೆ ನುಣುಪು ಒಂದೇ ಮಗ್ಗುಲು. ಮಗುಚಿ ಬಲಗೈಗೆ ಹಾಕುವ ಹಾಗಿಲ್ಲ. ಅತ್ತಿಗೆಯ ಜನ್ಮದಲ್ಲಿ ಅಂಥ ತಪ್ಪು ಅದೊಂದೇ. ಅದು ಆದದ್ದೇಕೆ? ಯಜಮಾನರು ಚಹಾ ಕುಡಿಯಲು ಎದ್ದುಹೋಗಿದ್ದರು, ಇವಳು ಹೂಂ ಬರುವವರೆಗೆ ತಾಳಲಿಲ್ಲ. ಹಾಗೆಂದು ಅತ್ತಿಗೆ ಹೇಳುತ್ತಿದ್ದಳು. ಎಷ್ಟು ಸಲ ಹೇಳಿದ್ದಳೆಂದರೆ, ಆ ಹೊತ್ತು ಖಾಲಿಯಿದ್ದ ಕುರ್ಚಿಯನ್ನು ತಾನು ಕಣ್ಣಾರೆ ಕಂಡಂತೆ ಅವಳಿಗೆ ನೆನಪಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಯಜಮಾನರು ಗುಂಡಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಭಗವಂತನ ಕರೆಗೂ ಹೂಂ ಎಂದುಬಿಟ್ಟರು. ಆ ಕರೆಗೆ ಉಹೂಂ ಎಂದವರು ಯಾರೂ ಇಲ್ಲ. ಅತ್ತಿಗೆ ಹಿಂಭಾಗದಿಂದ "ಅಲ್ವಾ?" ಎಂದಳು. ಉತ್ತರ ಬರಲಿಲ್ಲ. ಮತ್ತೊಮ್ಮೆ ಕೇಳಿದಳು. ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿ ನೋಡಿದಳು.

ದುಃಖಕ್ಕೆ ಅಳತೆಯ ಪಟ್ಟಿ ಇಲ್ಲ. ಆದ್ದರಿಂದ ಅದನ್ನು ಇಲ್ಲಿ ಅಳೆಯುವುದು ಬೇಡ. ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಿಗೆ ಅಂಗಡಿಯ ಬಾಗಿಲು ತೆಗೆದಳು. ಆದರೆ ದೊಡ್ಡ ಕತ್ತರಿ ಮೊಳೆಯಿಂದ ಇಳಿಯಲಿಲ್ಲ. ಬಿಚ್ಚಿದ ಅಂಚು ಹೊಲಿಯುವುದು, ಹರಿದ ಜೇಬು ಸರಿ ಮಾಡುವುದು, ಸಡಿಲಾದ ಗುಂಡಿ ಬಿಗಿ ಮಾಡುವುದು, ಇಷ್ಟೇ. ಹೊಸ ಬಟ್ಟೆ ತಂದವರಿಗೆ "ಕಣ್ಣು ಮಂಜು" ಎನ್ನುತ್ತಿದ್ದಳು. ಅದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಲೇ ಹೀಗೆ ಹೇಳುತ್ತಿದ್ದುದರಿಂದ ಅವರಿಗೆ ಏನನ್ನಬೇಕೋ ತಿಳಿಯುತ್ತಿರಲಿಲ್ಲ.

ಒಂದು ಸೋಮವಾರ ಬೀದಿಯ ತುದಿಯಿಂದಲೇ ಕೇಳಿಸಿತು: "ಅತ್ತಿಗೇ."

ನಾದಿನಿ ಬಂದಳು. ಬಂದವಳು ಅಣ್ಣನ ಕುರ್ಚಿಯನ್ನು ಒಂದು ಗಳಿಗೆ ನೋಡಿ, ಅದರಲ್ಲಿ ಕೂರದೆ, ಮಣೆ ಎಳೆದುಕೊಂಡು ಕೂತಳು.

"ಮಗಳ ಮದುವೆ ದಿನ ಗೊತ್ತಾಯ್ತು ಅತ್ತಿಗೆ. ಮುಂದಿನ ತಿಂಗಳು. ಅಣ್ಣ ತಂದಿಟ್ಟ ಬಟ್ಟೆ ಎಲ್ಲಿದೆ?"

ಅತ್ತಿಗೆ ಕಪಾಟಿನ ಕಡೆ ಕಣ್ಣು ಹಾಯಿಸಿದಳು. ಹಾಲಿನ ಕೆನೆಯ ಬಣ್ಣದ ರೇಷ್ಮೆ. ಯಜಮಾನರು ಹೋಗುವ ಮುಂಚೆ ಒಂದು ದಿನ ಯಾರಿಗೂ ಹೇಳದೆ ಪೇಟೆಗೆ ಹೋಗಿ, ತಂಗಿಯ ಮಗಳ ಮದುವೆಯ ನಿಲುವಂಗಿಗೆಂದು ತಂದದ್ದು. ಆ ಬಟ್ಟೆಯ ಸುರುಳಿಯ ಕೊನೆಯ ತುಂಡು. ಅಂಥದು ಮತ್ತೆ ಬರುವುದಿಲ್ಲವೆಂದು ಅಂಗಡಿಯವನೇ ಹೇಳಿದ್ದನಂತೆ. ಅವರು ತಾವಾಗಿ ಬಟ್ಟೆ ಆರಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

"ಇದೆ," ಎಂದಳು ಅತ್ತಿಗೆ.

"ಇದ್ದರೆ ಸಾಕಾ? ಕತ್ತರಿಸಬೇಕು. ಅಣ್ಣ ತಂದದ್ದು, ನೀವು ಹೊಲಿಯೋದು ಅಂತ ಅವಳು ಗೆಳತಿಯರಿಗೆಲ್ಲ ಸಾರಿಕೊಂಡು ಬಂದಿದ್ದಾಳೆ."

"ನೋಡ್ತೀನಿ."

"ನೋಡೋದೇನು? ಕಪಾಟಿನಲ್ಲಿಟ್ಟು ಆರು ತಿಂಗಳಿಂದ ನೋಡ್ತಾನೇ ಇದ್ದೀರಿ. ನೋಡಿ ಅತ್ತಿಗೆ, ನನ್ನದು ಕೆಟ್ಟ ಬಾಯಿ, ನಿಮಗೆ ಗೊತ್ತು. ಶನಿವಾರ ಸಂಜೆ ಬರ್ತೀನಿ. ಕತ್ತರಿ ಬಿದ್ದಿರಲಿಲ್ಲ ಅಂದರೆ ಬಟ್ಟೆ ತಗೊಂಡು ಚೌಕದ ಗಾಜಿನ ಬಾಗಿಲಿನ ಅಂಗಡಿಗೆ ಕೊಡ್ತೀನಿ. ಆಮೇಲೆ ನೀವು ಈ ಅಂಗಡಿಗೆ ಹೊಲಿಗೆ ಅಂತ ಬೋರ್ಡು ಹಾಕಬೇಡಿ. ಗುಂಡಿ ಅಂತ ಹಾಕಿ."

ನಾದಿನಿ ಹೊರಟುಹೋದಳು. ಮಾತು ಒರಟಾದರೂ ಹೋಗುವಾಗ ಆಕೆ ಸೆರಗಿನಿಂದ ಅಣ್ಣನ ಕುರ್ಚಿಯ ಧೂಳು ಒರೆಸಿದ್ದನ್ನು ಅತ್ತಿಗೆ ಕಂಡಳು.

ಮಾರನೆಯ ದಿನ ಅತ್ತಿಗೆ ದೇವರ ಮುಂದೆ ಕೈಮುಗಿದು ನೇರವಾಗಿ ಕೇಳಿದಳು: "ಸ್ವಾಮಿ, ಒಂದು ಹೂಂ ಅನ್ನು. ಸಾಕು." ದೇವರು ಹೂಂ ಎನ್ನಲಿಲ್ಲ, ಅವನ ದೊಡ್ಡತನ, ಉಹೂಂ ಎಂದೂ ಅನ್ನಲಿಲ್ಲ. ಆಮೇಲೆ ರೇಷ್ಮೆಯನ್ನು ಮೇಜಿನ ಮೇಲೆ ಹರಡಿ, ಹುಡುಗಿಯ ಅಳತೆಯನ್ನು ಅಂದಾಜು ಮಾಡಿ ಪಟ್ಟಿ ಹಿಡಿದಳು. ಹಿಡಿದವಳು ಮತ್ತೊಮ್ಮೆ ಹಿಡಿದಳು. ಬಟ್ಟೆ ಸಾಲದು.

ತುಂಬ ಅಲ್ಲ, ಒಂದು ಗೇಣು. ನಿಲುವಂಗಿಯ ಮೈ ಬರುತ್ತದೆ, ಒಂದು ತೋಳು ಬರುತ್ತದೆ, ಇನ್ನೊಂದು ತೋಳು ಬರುವುದಿಲ್ಲ. ಅದನ್ನು ತಲೆಕೆಳಗಾಗಿಟ್ಟು ಕತ್ತರಿಸಿದರೆ ಬರುತ್ತದೆ; ಆದರೆ ರೇಷ್ಮೆಯ ಹೊಳಪು ತಿರುಗುಮುರುಗಾಗಿ ಮದುಮಗಳ ಒಂದು ಕೈ ಕೆನೆಯಂತೆಯೂ ಇನ್ನೊಂದು ಕೈ ಮಜ್ಜಿಗೆಯಂತೆಯೂ ಕಾಣುತ್ತದೆ. ಯಜಮಾನರ ಕಣ್ಣು ಇಷ್ಟು ತಪ್ಪು ಮಾಡುವುದು ಹೇಗೆ? ಅತ್ತಿಗೆ ಬಹಳ ಹೊತ್ತು ಯೋಚಿಸಿ, ತಪ್ಪು ಬಟ್ಟೆ ಅಳೆದುಕೊಟ್ಟವನದೇ ಎಂದು ತೀರ್ಮಾನ ಮಾಡಿಕೊಂಡಳು.

ಬುಧವಾರ ಮೇಲಿನ ಮನೆಯ ಮೇಷ್ಟ್ರು ಷರಾಯಿಯ ಅಂಚು ಹೊಲಿಸಲು ಬಂದರು. ಓದಿದವರು, ಯೋಚನೆಯ ಜನ. ಅತ್ತಿಗೆ ಅವರನ್ನು ಯಜಮಾನರ ಕುರ್ಚಿಯಲ್ಲಿ ಕೂರಿಸಿ, ತಾನು ಹಿಂಭಾಗಕ್ಕೆ ಹೋಗಿ, ಅಲ್ಲಿಂದ ಎಲ್ಲವನ್ನೂ ವಿವರಿಸಿ, "ಅಲ್ವಾ ಮೇಷ್ಟ್ರೇ?" ಎಂದಳು.

"ಇದಕ್ಕೆ ಎರಡು ಮುಖ ಇದೆ," ಎಂದರು ಮೇಷ್ಟ್ರು. "ಒಂದು ಕಡೆಯಿಂದ ನೋಡಿದರೆ ಹೌದು. ಆದರೆ ಹೌದು ಅನ್ನೋಕೆ ಮುಂಚೆ ಅಲ್ಲ ಅನ್ನೋದನ್ನೂ ನಾವು ವಿಚಾರ ಮಾಡಬೇಕಾಗುತ್ತೆ."

"ಬರೀ ಹೂಂ ಅಂತೀರಾ ಮೇಷ್ಟ್ರೇ? ಚಿಕ್ಕದಾಗಿ?"

"ಅನ್ನಬಹುದು. ಆದರೆ ಯಾವ ಅರ್ಥದಲ್ಲಿ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಆ ಮಹಾನುಭಾವರನ್ನು ಅತ್ತಿಗೆ ಷರಾಯಿ ಕೊಟ್ಟು ಕಳಿಸಿದಳು. ಗುರುವಾರ ಬೀದಿ ದಾಟಿ ಇಸ್ತ್ರಿಯವನ ಹತ್ತಿರ ಹೋದಳು. ಅವನು ಅಂಗಿಯೊಂದರ ಕೊರಳಪಟ್ಟಿಯ ಮೇಲೆ ನೀರು ಚಿಮುಕಿಸುತ್ತಿದ್ದನು.

"ಹೂಂ ಅನ್ನಬೇಕಾ? ಅಂತೀನಿ ಬಿಡಿ ಅತ್ತಿಗೆ. ಹೂಂ. ಹೂಂ. ಇನ್ನೊಂದು ಬೇಕಾ? ಬಾಯಿಗೆ ಏನು ಸವೆತ?"

"ಕೇಳಿಸಿಕೊಂಡು ಅನ್ನಬೇಕು. ಅವರು ಕೇಳಿ, ತೂಗಿ ಅನ್ನುತ್ತಿದ್ದರು. ಫೋಟೋದವನ ಕೋಟಿನ ಕತೆ ಗೊತ್ತಲ್ಲ. ಅವರು ಚಹಾಕ್ಕೆ ಹೋದ ಹೊತ್ತಿಗೆ ನಾನು ಆತುರಬಿದ್ದು..."

ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟನು. "ಈ ಕತೆ ನೀವು ಹೇಳುವಾಗಲೆಲ್ಲ ನಾನು ಸುಮ್ಮನೆ ಇದ್ದೆ. ಯಜಮಾನರ ಮುಖ ನೋಡಿ ಸುಮ್ಮನಿದ್ದೆ. ಅವರು ಅವತ್ತು ಚಹಾಕ್ಕೆ ಹೋಗಿದ್ದು ನಿಜ. ಯಾವಾಗ ಹೋದದ್ದು?"

"ತೋಳು ಕತ್ತರಿಸುವಾಗ."

"ಕತ್ತರಿಸಿ ಆದ ಮೇಲೆ. ಎಡದ ತೋಳಿಗೂ ಹೂಂ ಅಂದರು. ಎರಡನೇ ಎಡದ ತೋಳಿಗೂ ಹೂಂ ಅಂದರು. ನಾನು ಇಲ್ಲೇ ನಿಂತಿದ್ದೆ. ನನ್ನ ಜಾಗ ಎಲ್ಲಿಗೆ ಹೋಗುತ್ತೆ? ನೀವು ಒಳಗೆ 'ಅಯ್ಯೋ' ಅಂದಿರಿ ನೋಡಿ, ಯಜಮಾನರು ಮೆಲ್ಲಗೆ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೇನೇ ಹೋದರು. 'ಚಹಾ ಕುಡಿದು ಬರ್ತೀನಿ, ಒಳಗೆ ಏನೋ ಆಗಿದೆ' ಅಂದರು. ಬಂದಿದ್ದು ಕತ್ತಲಾದ ಮೇಲೆ."

"ಸುಳ್ಳು."

"ಸುಳ್ಳು ಹೇಳಿದರೆ ಈ ಪೆಟ್ಟಿಗೆ ನನ್ನ ಕೈ ಸುಡಲಿ. ಹೋಗಲಿ, ಅತ್ತಿಗೆ, ಆ ಕೋಟನ್ನ ಸರಿ ಮಾಡಿದ್ದು ಯಾರು? ಅವರಂತೂ ಚಹಾದ ಅಂಗಡಿಯಲ್ಲಿದ್ದರು."

ಅತ್ತಿಗೆ ಬೀದಿ ದಾಟಿ ಬಂದಳು. ಬರುವಾಗ ಎದುರಿಗೆ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ್ದು ಅವಳಿಗೆ ಕೇಳಿಸಲಿಲ್ಲ. ಖಾಲಿ ಕುರ್ಚಿಯ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂಬುದು ಅವಳಿಗೆ ತಿಳಿದಿತ್ತು. ಆದರೂ ಮಾಡಿದಳು. ಹೋದ ದಿನದಿಂದ ಅವರ ಜೊತೆ ಮಾತು ಬಿಟ್ಟಿದ್ದವಳು ಮೊದಲ ಸಲ ಬಾಯಿ ತೆರೆದು, "ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು?" ಎಂದು ಕೇಳಿದಳು.

ಶುಕ್ರವಾರ ಮಧ್ಯಾಹ್ನ ನಾದಿನಿಯ ಮಗಳು ಅಳತೆ ಕೊಡಲು ಬಂದಳು. ಆ ಅಂಗಡಿಯಲ್ಲೇ ಬಟ್ಟೆಯ ಚೂರುಗಳ ಮೇಲೆ ಮಲಗಿ ಬೆಳೆದವಳು; ಅತ್ತೆಯನ್ನು ಏಕವಚನದಲ್ಲಿ ಕರೆಯುವಷ್ಟು ಸಲಿಗೆ. ಅತ್ತಿಗೆ ಅವಳ ಹೆಗಲಿಗೆ ಪಟ್ಟಿ ಹಿಡಿದಳು.

"ಬಲಗಡೆಯ ಹೆಗಲು ತಗ್ಗು. ಓದುವಾಗ ಚೀಲ ಹೊತ್ತು ಹೊತ್ತು ಹೀಗೆ ಮಾಡಿಕೊಂಡಿದ್ದೀಯ."

"ಎಲ್ಲರ ಹೆಗಲೂ ನಿನಗೆ ಗೊತ್ತು ಅತ್ತೆ. ಯಾಕೆ ಮುಖ ಊದಿಸಿಕೊಂಡಿದ್ದೀಯ? ಅಮ್ಮ ಏನಂದಳು?"

"ನಿಮ್ಮಮ್ಮ ಅಂದದ್ದಲ್ಲ. ನಿಮ್ಮ ಮಾವ ಅಂದದ್ದು." ಅತ್ತಿಗೆ ಇಸ್ತ್ರಿಯವನ ಮಾತನ್ನೆಲ್ಲ ಹೇಳಿದಳು. "ಎರಡು ಎಡದ ತೋಳಿಗೆ ಹೂಂ ಅಂದವರು ಇನ್ನು ಯಾವುದಕ್ಕೆ ನೋಡಿ ಹೂಂ ಅಂದಿದ್ದಾರು? ಇಷ್ಟು ವರ್ಷ ನನ್ನ ಮುಂದೆ ಆಟ ಕಟ್ಟಿದರಾ?"

ಹುಡುಗಿ ನಗತೊಡಗಿದಳು. ನಕ್ಕು ನಕ್ಕು ಹೆಗಲು ಕುಣಿದು ಪಟ್ಟಿ ಜಾರಿಬಿತ್ತು.

"ಅತ್ತೆ, ಮಾವನಿಗೆ ಬಟ್ಟೆಯ ಮುಂದು ಯಾವುದು, ಹಿಂದು ಯಾವುದು ಗೊತ್ತಿರಲಿಲ್ಲ. ಅದು ನಿನಗೆ ಗೊತ್ತಿಲ್ಲವಾ? ಒಂದು ಸಲ ನಾನೇ ಕೇಳಿದ್ದೆ. ಚಿಕ್ಕವಳು ಆಗ. 'ಮಾವ, ನಿನಗೆ ಹೊಲಿಗೆ ಬರುತ್ತಾ?' ಅಂದೆ. 'ಉಹೂಂ' ಅಂದ. 'ಮತ್ತೆ ಹೂಂ ಹೂಂ ಅಂತೀಯಲ್ಲ?' ಅಂದೆ. ಅದಕ್ಕೆ ಏನಂದ ಗೊತ್ತಾ?"

"ಏನಂದರು?"

"'ನಾನು ಕತೆ ಹೇಳುವಾಗ ನೀನು ಹೂಂಗುಡಲ್ವಾ? ಹೂಂಗುಡದೆ ಇದ್ದರೆ ನಾನು ನಿಲ್ಲಿಸಿಬಿಡ್ತೀನಿ, ಅಲ್ವಾ? ಹಾಗೆ ನಿಮ್ಮತ್ತೆ ಬಟ್ಟೆಯ ಕತೆ ಹೇಳ್ತಾಳೆ, ನಾನು ಹೂಂಗುಡ್ತೀನಿ. ಕತೆ ಅವಳದೇ. ಕತ್ತರಿಯೂ ಅವಳದೇ. ನಾನು ನಿಲ್ಲಿಸಿದರೆ ಅವಳು ನಿಲ್ಲಿಸಿಬಿಡ್ತಾಳೆ, ಆಮೇಲೆ ನಮ್ಮ ಊಟಕ್ಕೆ ಗುಂಡಿ ಬೇಯಿಸಬೇಕಾಗುತ್ತೆ' ಅಂದ."

ಅತ್ತಿಗೆ ಮೇಜಿನ ಅಂಚಿಗೆ ಒರಗಿ ನಿಂತಳು. ಹೂಂಗಳಲ್ಲಿ ಎರಡು ಜಾತಿಯೆಂಬುದು ಮಾತು ಬರುವ ಮಗುವಿಗೂ ಗೊತ್ತು. ಒಂದು ಅಪ್ಪಣೆಯ ಹೂಂ, ಇನ್ನೊಂದು ಕತೆ ಕೇಳುವವರ ಹೂಂ. ಮೊದಲನೆಯದು ಬಾಗಿಲು ತೆಗೆಯುತ್ತದೆ. ಇನ್ನೊಂದು, ಬಾಗಿಲು ಮೊದಲೇ ತೆಗೆದಿದೆ, ನಡೆ ಎನ್ನುತ್ತದೆ. ಊರಿನವರ ಗೂನು, ಬೊಜ್ಜು, ಓರೆ ಹೆಗಲು ಎಲ್ಲವನ್ನೂ ಕಣ್ಣಳತೆಯಲ್ಲಿ ಹೇಳಬಲ್ಲವಳು, ಮನೆಯೊಳಗೆ ದಿನಕ್ಕೆ ನೂರು ಸಲ ಕೇಳಿದ ಒಂದಕ್ಷರ ಯಾವ ಜಾತಿಯದೆಂದು ಗುರುತು ಹಿಡಿದಿರಲಿಲ್ಲ. ತನ್ನ ಬೆನ್ನಿಗೆ ತಾನೇ ಪಟ್ಟಿ ಹಿಡಿಯಲು ಯಾವ ದರ್ಜಿಗೂ ಕೈ ಎಟುಕುವುದಿಲ್ಲವಷ್ಟೆ.

"ಅತ್ತೆ, ಅಳ್ತಾ ಇದ್ದೀಯಾ, ನಗ್ತಾ ಇದ್ದೀಯಾ?"

"ಸುಮ್ಮನಿರು. ಯೋಚನೆ ಮಾಡ್ತಾ ಇದ್ದೀನಿ."

ಅವಳು ಯೋಚಿಸುತ್ತಿದ್ದುದು ಇಸ್ತ್ರಿಯವನು ಕೊನೆಗೆ ಕೇಳಿದ ಪ್ರಶ್ನೆಯನ್ನು. ಆ ಕೋಟನ್ನು ಸರಿ ಮಾಡಿದ್ದು ಯಾರು? ಕತೆಯ ಆ ಭಾಗವನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಈಗ ನೆನಪಾಯಿತು. ಅಂಗಡಿಯಲ್ಲಿ ಒಬ್ಬಳೇ. ಮಿಕ್ಕ ಮಖಮಲ್ಲು ಒಂದು ಪೂರ್ತಿ ತೋಳಿಗೆ ಸಾಲದು. ಚೂರನ್ನು ಚೂರಿಗೆ ಕೂಡಿಸಿ, ತೋಳಿನ ಒಳಮಗ್ಗುಲಿಗೆ ಒಂದು ಪಟ್ಟಿ ಇಟ್ಟು, ಜೋಡಣೆಯನ್ನು ಕಂಕುಳ ಕೆಳಗೆ ಅಡಗಿಸಿದ್ದಳು. ಫೋಟೋದವನು ಆ ಕೋಟು ಹಾಕಿಕೊಂಡು ಮದುವೆಯಾದ. ಬಂದವರ ಚಿತ್ರವೆಲ್ಲ ತಾನೇ ತೆಗೆದ. ಊರಿನಲ್ಲಿ ಎಲ್ಲಕ್ಕಿಂತ ಚೂಪು ಕಣ್ಣಿನವನಾದ ಅವನಿಗೇ ಜೋಡಣೆ ಕಾಣಲಿಲ್ಲ. ಕೆಟ್ಟದ್ದು ಹೂಂ ಇದ್ದಾಗ. ನೆಟ್ಟಗಾದದ್ದು ಹೂಂ ಇಲ್ಲದಾಗ.

ಅವಳು ರೇಷ್ಮೆಯ ಕಡೆ ನೋಡಿದಳು. ಒಂದು ಗೇಣು ಸಾಲದು.

"ಕೈ ಎತ್ತು," ಎಂದಳು.

ಹುಡುಗಿ ಕೈ ಎತ್ತಿದಳು. ಅತ್ತಿಗೆ ಅವಳ ಕಂಕುಳ ಕೆಳಗೆ ಬೆರಳಿಟ್ಟು ಅಳೆದಳು.

"ಕಚಗುಳಿ ಆಗುತ್ತೆ ಅತ್ತೆ. ಅಲ್ಲೇನು ಹುಡುಕ್ತೀಯ?"

"ಕೂಸನ್ನ," ಎಂದಳು ಅತ್ತಿಗೆ. "ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನೇ ನೋಡು. ದೇವರನ್ನ ಕೇಳಿದೆ, ಮೇಷ್ಟ್ರನ್ನ ಕೇಳಿದೆ, ಇಸ್ತ್ರಿಯವನನ್ನ ಕೇಳಿದೆ."

ಮೊಳೆಯಿಂದ ದೊಡ್ಡ ಕತ್ತರಿ ಇಳಿಯಿತು. ಧೂಳು ಕುಳಿತಿತ್ತು, ಸೆರಗಿನಲ್ಲಿ ಒರೆಸಿ, ಒಂದು ಚಿಂದಿಯ ಮೇಲೆ ಆಡಿಸಿ ನೋಡಿದಳು. ಕಣ್ಣುಮುಚ್ಚಿ ದೇವರನ್ನು ನೆನೆದಳು. ಈ ಸಲ ಏನನ್ನೂ ಕೇಳಲಿಲ್ಲ. ಆಮೇಲೆ ಸೀಮೆಸುಣ್ಣ ಹಿಡಿದು, ಹಳೆಯ ರೂಢಿಯಂತೆ ಮುಂಭಾಗದ ಕುರ್ಚಿಗೆ ಕೇಳಿಸುವ ಹಾಗೆ ಹೇಳಿಕೊಂಡು ಹೋದಳು.

"ಇವಳ ಬಲದ ಹೆಗಲು ತಗ್ಗು, ಅಲ್ಲಿ ಒಳಗೆ ಒಂದು ಪದರ ಮೆತ್ತೆ ಕೊಡ್ತೀನಿ. ಮೈ ಉದ್ದಕ್ಕೆ ಹೀಗೆ ಬರುತ್ತೆ. ಎಡದ ತೋಳು ಇಲ್ಲಿ. ಬಲದ ತೋಳಿನ ಮೇಲ್ಭಾಗ ಇಲ್ಲಿ, ಒಳಮಗ್ಗುಲಿಗೆ ಈ ಪಟ್ಟಿ. ಹೊಳಪು ಎಲ್ಲ ಒಂದೇ ಕಡೆ. ಜೋಡಣೆ ಕಂಕುಳಲ್ಲಿ ಹೋಗುತ್ತೆ. ಬಟ್ಟೆ ತರುವಾಗ ಒಂದು ಮಾತು ನನ್ನ ಕೇಳಬೇಕಿತ್ತು, ಕೇಳಲಿಲ್ಲ; ಅದಕ್ಕೇ ಈ ಪಾಡು. ಆದರೂ ಬಣ್ಣ ಚೆನ್ನಾಗಿದೆ. ಇವಳ ಮುಖಕ್ಕೆ ಒಪ್ಪುತ್ತೆ. ಬಣ್ಣ ನಿಮಗೆ ಯಾರು ಹೇಳಿಕೊಟ್ಟರೋ ಕಾಣೆ. ಅಲ್ವಾ?"

ಹುಡುಗಿ ಖಾಲಿ ಕುರ್ಚಿಯ ಕಡೆ ನೋಡಿದಳು. ತಾನು ಹೂಂ ಎನ್ನಲೇ, ಬೇಡವೇ ಎಂದು ಅವಳು ಬಾಯಿ ತೆರೆಯುವ ಹೊತ್ತಿಗೆ ರೇಷ್ಮೆ ಸೀಳುವ ಸದ್ದು ಕೇಳಿಸಿತು. ಕತ್ತರಿ ಗೆರೆ ಹಿಡಿದು ಮೇಜಿನ ಅರ್ಧಕ್ಕೆ ಹೋಗಿತ್ತು.

ಶನಿವಾರ ಸಂಜೆ ನಾದಿನಿ ಬಂದಾಗ ಮಗಳು ಮೇಜಿನ ಪಕ್ಕದಲ್ಲಿ ನಿಲುವಂಗಿ ತೊಟ್ಟು ನಿಂತಿದ್ದಳು. ಅತ್ತಿಗೆ ನೆಲದ ಮೇಲೆ ಮಂಡಿಯೂರಿ ಅಂಚು ಮಡಿಸುತ್ತಿದ್ದಳು. ಅವಳ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ.

ನಾದಿನಿ ಬಾಗಿಲಲ್ಲೇ ನಿಂತಳು. ಮಗಳ ಸುತ್ತ ಒಂದು ಸುತ್ತು ಬಂದಳು. ತೋಳು ಎಳೆದು ನೋಡಿದಳು, ಕೈ ಎತ್ತಿಸಿ ನೋಡಿದಳು, ಬೆಳಕಿಗೆ ತಿರುಗಿಸಿ ನೋಡಿದಳು. ಏನೂ ಸಿಗಲಿಲ್ಲ. ಸಿಗದಿದ್ದಾಗ ಆಕೆಯ ಕಣ್ಣು ತುಂಬಿತು; ಅದನ್ನು ಮುಚ್ಚಲು ಮಾತು ಶುರುಮಾಡಿದಳು.

"ಕತ್ತರಿಸಿಬಿಟ್ಟಿರಾ ಅತ್ತಿಗೆ?"

ಬಾಯಲ್ಲಿ ಸೂಜಿಯಿಟ್ಟುಕೊಂಡವರು ಆಡಬಹುದಾದ ಮಾತು ಒಂದೇ.

"ಹೂಂ," ಎಂದಳು ಅತ್ತಿಗೆ.

"ಯಾರನ್ನೂ ಕೇಳದೆ?"

"ಹೂಂ."

"ಹಾಗಾದರೆ ಚೌಕದವನಿಗೆ ನಾನು ಸುಮ್ಮನೆ ಹೇಳಿ ಬಂದ ಹಾಗಾಯ್ತು. ನಾನು ಹೇಳ್ತಾನೇ ಇರಲಿಲ್ಲವಾ, ನಿಮ್ಮ ಕೈ ನಿಮ್ಮದೇ ಅಂತ? ನಮ್ಮಣ್ಣನಿಗೆ ಏನು ತಿಳಿಯುತ್ತಿತ್ತು, ಪಾಪ. ಚಿಕ್ಕವನಿದ್ದಾಗ ಅಂಗಿ ಹಿಂದುಮುಂದಾಗಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಒಂದು ಸಲ ಏನಾಯ್ತು ಅಂದರೆ..."

ನಾದಿನಿ ಮಣೆಯ ಕಡೆ ಕೈ ಚಾಚಿ, ಮನಸ್ಸು ಬದಲಿಸಿ, ಅಣ್ಣನ ಕುರ್ಚಿಯಲ್ಲಿ ಕೂತು ಕತೆಯನ್ನು ಬಿಚ್ಚಿದಳು. ಅದು ಶಾಲೆಯಿಂದ ಹೊರಟು ಚಿಕ್ಕಪ್ಪನ ಮನೆಗೆ ಹೋಗಿ, ಅಲ್ಲಿಂದ ಯಾರದೋ ಕಳೆದುಹೋದ ಹಸುವಿನ ಕಡೆ ತಿರುಗಿತು. ಅತ್ತಿಗೆ ಒಂದೊಂದೇ ಸೂಜಿಯನ್ನು ತುಟಿಯಿಂದ ತೆಗೆದು ಅಂಚಿಗೆ ಚುಚ್ಚುತ್ತ, ಕತೆ ನಿಲ್ಲುವ ಹಾಗೆ ಕಂಡ ಕಡೆಯಲ್ಲೆಲ್ಲ ಹೂಂ ಎನ್ನುತ್ತಿದ್ದಳು. ಆ ಕತೆಯಲ್ಲಿ ಹಸು ಸಿಕ್ಕಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಧ್ವನಿ ಮಾತ್ರ ಹಿತವಾಗಿತ್ತು. ಅದು ಮುಂದುವರಿಯಲಿ ಎನಿಸುತ್ತಿತ್ತು.

ಹೀಗೆಯೇ ಇದ್ದಿರಬೇಕು ಅವರಿಗೂ, ಎಂದುಕೊಂಡಳು.

"ಅತ್ತಿಗೆ, ನಾನು ಹೇಳ್ತಿರೋದು ಕೇಳಿಸಿಕೊಳ್ತಾ ಇದ್ದೀರಾ?"

ಅತ್ತಿಗೆ ಕೊನೆಯ ಸೂಜಿಯನ್ನು ತುಟಿಯಿಂದ ತೆಗೆದಳು. ಈಗ ಅವಳು ಯಾವ ಮಾತನ್ನು ಬೇಕಾದರೂ ಆಡಬಹುದಾಗಿತ್ತು.

"ಹೂಂ," ಎಂದಳು.